ಏಪ್ರಿಲ್‌ನಲ್ಲಿ ಕೊಡಚಾದ್ರಿ ಹತ್ತಬಹುದಾ? ಹತ್ತೂವರೆಯೊಳಗೆ ನೆರಳು ಸೇರುವುದಾದರೆ

ಪ್ರಶ್ನೆ: ನಾನು ಸಾಗರದಲ್ಲಿ ಶಿಕ್ಷಕಿ, ವಯಸ್ಸು 44. ಗಂಡನಿಗೆ 52. ನಾಲ್ಕು ವರ್ಷದಿಂದ ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೋಗಿಸುವ ಔಷಧಿ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಗನಿಗೆ 15. ಅವನ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಕೊನೆಗೆ, ಹಿಡ್ಲುಮನೆ ಜಲಪಾತದ ದಾರಿಯಿಂದ ಕೊಡಚಾದ್ರಿ ಹತ್ತಿ, ಮೇಲೆ ಸುತ್ತಾಡಿ, ಸಂಜೆ ಇಳಿಯೋಣ ಅಂತಿದ್ದೇವೆ. ಆದರೆ ಹೋದ ವರ್ಷ ಇದೇ ಹೊತ್ತಿಗೆ ಬೇರೊಂದು ಗುಡ್ಡದಲ್ಲಿ, ಮಧ್ಯಾಹ್ನ ಒಂದರ ಸುಮಾರಿಗೆ, ಗಂಡನಿಗೆ ತಲೆ ಸುತ್ತಿ ವಾಂತಿಯಾಯಿತು. ಬಿಸಿಲಲ್ಲೇ ಮೈ ಜುಮ್ಮೆಂದು ಚಳಿ ಬಂದ ಹಾಗಾಯಿತು. ಅರ್ಧ ಗಂಟೆ ಮಲಗಿಸಿ ಹೇಗೋ ಇಳಿಸಿಕೊಂಡು ಬಂದೆವು. ಏದುಸಿರು ಬಿಡುವಾಗ ನೀರು ಕುಡಿದಿದ್ದಕ್ಕೇ ಹೀಗಾಯಿತು, ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಬೇಕಿತ್ತು ಅನ್ನುತ್ತಾರೆ ಅತ್ತೆ. ಮಲೆನಾಡಿನ ತಂಪಲ್ಲಿ ಬಿಸಿಲು ಹೊಡೆಯಲ್ಲ, ಅದು ಬರೀ ಪಿತ್ತ ಅನ್ನುತ್ತಾರೆ ಗಂಡ. ಇದರ ಜೊತೆ ಮಂಗನ ಕಾಯಿಲೆ ಭಯ ಬೇರೆ. ಮಂಗನ ಹತ್ತಿರ ಹೋಗದಿದ್ದರೆ ಸಾಕು ಅಂತ ಪಕ್ಕದ ಮನೆಯವರು ಹೇಳಿದರು. ನಾವು ಹೋಗಬಹುದಾ, ಬೇಡವಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳಿವೆ. ಬಿಸಿಲು, ಬಿಪಿ, ಮಂಗನ ಕಾಯಿಲೆ. ಮೂರೂ ನಿಜವಾದವೇ. ಕಾಡಂಚಿನ ಊರಲ್ಲಿ ಇಪ್ಪತ್ತೆರಡು ವರ್ಷದಿಂದ ವೈದ್ಯನಾಗಿದ್ದೇನೆ. ರಜೆ ಸಿಕ್ಕಾಗಲೆಲ್ಲ ಗುಡ್ಡ ಹತ್ತುತ್ತೇನೆ. ಹೋಗಬೇಡಿ ಅಂತ ಸುಮ್ನೆ ಹೇಳಿಬಿಡುವವನಲ್ಲ ನಾನು. ಆದರೆ ನೀವು ಬರೆದ ರೀತಿಯಲ್ಲೇ ಹೋಗುವುದಾದರೆ ನನ್ನ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಹೋದ ವರ್ಷದ ಆ ಘಟನೆ. ತಲೆ ಸುತ್ತು, ವಾಂತಿ, ಬಿಸಿಲಲ್ಲಿ ಚಳಿ, ಇವೆಲ್ಲ ಬಿಸಿಲಿಗೆ ದೇಹ ಸೋತಿದ್ದರ ಲಕ್ಷಣಗಳು. ನನಗೂ ಅದೇ ಅನ್ನಿಸುತ್ತದೆ. ಆದರೂ 52 ವರ್ಷದ, ಬಿಪಿ ಇರುವ ಗಂಡಸು ಗುಡ್ಡ ಹತ್ತುವಾಗ ಬೆವೆತು ವಾಂತಿ ಮಾಡಿಕೊಂಡರು ಅಂದರೆ, ಅದು ಹೃದಯದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಬಿಡುವಂತಿಲ್ಲ. ಹೃದಯದ ತೊಂದರೆ ಎಲ್ಲರಿಗೂ ಎದೆನೋವಾಗಿಯೇ ಬರುವುದಿಲ್ಲ. ಕೆಲವರಿಗೆ ವಾಂತಿ, ಬೆವರು, ಸುಸ್ತು ಅಷ್ಟೇ. ‘ಗ್ಯಾಸ್ ಆಗಿತ್ತು ಡಾಕ್ಟ್ರೇ’ ಅಂತ ಮೂರು ದಿನ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ. ಈ ವಾರವೇ ಒಂದು ಇಸಿಜಿ ಮಾಡಿಸಿ. ನಿಮ್ಮ ವೈದ್ಯರು ಬೇಕು ಅಂದರೆ ಟ್ರೆಡ್‌ಮಿಲ್ ಪರೀಕ್ಷೆಯೂ ಆಗಲಿ. ಅದರ ಫಲಿತಾಂಶ ಬರುವ ತನಕ ಗುಡ್ಡದ ಯೋಚನೆ ಪಕ್ಕಕ್ಕಿಡಿ.

ಅದೇ ಭೇಟಿಯಲ್ಲಿ ಮಾತ್ರೆಯ ವಿಷಯವನ್ನೂ ಕೇಳಿ. ಮೂತ್ರ ಹೋಗಿಸುವ ಔಷಧಿ ದೇಹದ ನೀರು, ಉಪ್ಪು ಎರಡನ್ನೂ ಹೊರಗೆ ಹಾಕುತ್ತದೆ. ಬೆವರು ಮಾಡುವುದೂ ಅದನ್ನೇ. ಎರಡೂ ಒಟ್ಟಾದಾಗ ಬಿಪಿ ಧಡಕ್ಕನೆ ಇಳಿಯಬಹುದು. ಹಾಗಂತ ಆ ದಿನ ಮಾತ್ರೆ ನುಂಗದೆ ಹೋಗುವುದು ನೀವೇ ತೀರ್ಮಾನಿಸುವ ವಿಷಯವಲ್ಲ. ಚಾರಣಕ್ಕೆ ಹೋಗುತ್ತಿದ್ದೇವೆ, ಬಿಸಿಲಿದೆ, ಏನು ಮಾಡಲಿ ಅಂತ ಕೇಳಿ. ಅವರು ಹೇಳುತ್ತಾರೆ. ಇನ್ನೊಂದು ಮಾತು. ಮೊಣಕಾಲು ನೋಯದಿರಲಿ ಅಂತ ಹತ್ತುವ ಮೊದಲೇ ಐಬುಪ್ರೊಫೆನ್, ಡೈಕ್ಲೋಫಿನಾಕ್ ನುಂಗುವ ಅಭ್ಯಾಸ ಈಗ ಜಾಸ್ತಿ ಆಗಿದೆ. ಟೆಲ್ಮಿಸಾರ್ಟನ್, ಮೂತ್ರ ಹೋಗಿಸುವ ಔಷಧಿ, ಅದರ ಮೇಲೆ ನೋವಿನ ಮಾತ್ರೆ, ಜೊತೆಗೆ ನೀರಿಲ್ಲದ ಮೈ. ಇವಿಷ್ಟೂ ಸೇರಿದರೆ ಮೂತ್ರಪಿಂಡಕ್ಕೆ ಒಂದೇ ದಿನದಲ್ಲಿ ಪೆಟ್ಟು ಬೀಳಬಹುದು. ಅವರ ಚೀಲದಲ್ಲಿ ನೋವಿನ ಮಾತ್ರೆ ಇರುವುದೇ ಬೇಡ.

ಈಗ ಮಲೆನಾಡಿನ ತಂಪಿನ ವಿಷಯ. ನಿಮ್ಮವರ ಮಾತು ಅರ್ಧ ನಿಜ. ಸಾವಿರ ಮೀಟರ್ ಮೇಲೆ ಹೋದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆ. ಕೊಡಚಾದ್ರಿ 1343 ಮೀಟರ್, ಶಿವಮೊಗ್ಗ ಪೇಟೆಯೇ ಸುಮಾರು 570 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗ ಪೇಟೆಯಲ್ಲಿ 36 ಡಿಗ್ರಿ ಇದ್ದ ದಿನ ನೆತ್ತಿಯಲ್ಲಿ ಲೆಕ್ಕಕ್ಕೆ 31 ಇರಬೇಕು. ಆದರೆ ಥರ್ಮಾಮೀಟರ್ ಅಳೆಯುವುದು ನೆರಳಿನ ಗಾಳಿಯನ್ನು. ಬೋಳು ಗುಡ್ಡದ ಬೆನ್ನಿನ ಮೇಲೆ ನಿಮಗೆ ನೆರಳೆಲ್ಲಿದೆ? ಬಿಸಿಲು ನೇರ ಬೀಳುತ್ತದೆ, ಒಣಗಿದ ಹುಲ್ಲು ಮತ್ತು ಕಲ್ಲು ಕೆಳಗಿನಿಂದ ಕಾಯುತ್ತವೆ. ಅದಕ್ಕಿಂತ ಹೆಚ್ಚಿನ ಬಿಸಿ ನಿಮ್ಮ ಮೈಯೊಳಗೇ ಹುಟ್ಟುತ್ತದೆ. ಹತ್ತುವಾಗ ತೊಡೆಯ ಸ್ನಾಯುಗಳು ಒಲೆಯ ಹಾಗೆ ಉರಿಯುತ್ತವೆ. ಆ ಬಿಸಿಯನ್ನು ಹೊರಗೆ ಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು. ಬೆವರು ಸುರಿದರೆ ಸಾಲದು, ಆರಬೇಕು. ಆರಿದಾಗಲೇ ಮೈ ತಂಪಾಗುವುದು.

ಮಲೆನಾಡು ಇಲ್ಲಿ ಎರಡು ಕಡೆಯಿಂದ ನಮ್ಮನ್ನು ಏಮಾರಿಸುತ್ತದೆ. ಕಾನಿನೊಳಗೆ ನೆರಳಿದೆ, ಆದರೆ ಗಾಳಿ ಅಲ್ಲಾಡುವುದಿಲ್ಲ. ತೇವ ಜಾಸ್ತಿ. ಬೆವರು ಆರದೆ ತೊಟ್ಟಿಕ್ಕುತ್ತದೆ. ತಂಪಾಗಿದೆ ಅನ್ನಿಸುತ್ತಿರುತ್ತದೆ, ಮೈ ಒಳಗೇ ಕಾಯುತ್ತಿರುತ್ತದೆ. ಅಲ್ಲಿಂದ ಬ್ಯಾಣಕ್ಕೆ, ಅಂದರೆ ಹುಲ್ಲಿನ ಬಯಲಿಗೆ ಬಂದಿರೋ, ಸಮುದ್ರದ ಕಡೆಯ ಗಾಳಿ ಭರ್ರೆಂದು ಬೀಸುತ್ತದೆ. ಬೆವರು ಬಂದಿದ್ದೇ ತಿಳಿಯದಷ್ಟು ಬೇಗ ಒಣಗುತ್ತದೆ. ಆಹಾ ಎಷ್ಟು ಹಿತ ಅಂತ ಕೂರುತ್ತೇವೆ. ಅಷ್ಟರಲ್ಲಿ ಮೈಯಿಂದ ಎರಡು ಲೀಟರ್ ಹೋಗಿರುತ್ತದೆ. ಬೇಸಿಗೆಯಲ್ಲಿ ಗುಡ್ಡದಿಂದ ಬಂದವರ ಅಂಗಿಯ ಬೆನ್ನು ನೋಡಿ. ಕಪ್ಪು ಬಟ್ಟೆಯಾದರೆ ಚೆನ್ನಾಗಿ ಕಾಣುತ್ತದೆ. ಕೊಳದ ನೀರು ಇಳಿದ ಗುರುತಿನ ಹಾಗೆ ಬಿಳಿ ಗೆರೆಗಳು, ಒಂದರ ಹಿಂದೆ ಒಂದು. ಅದು ಉಪ್ಪು. ಕೆಲವೊಮ್ಮೆ ನಾಡಿ ಹಿಡಿಯುವ ಮೊದಲು ನಾನು ಆ ಗೆರೆಗಳನ್ನೇ ನೋಡುತ್ತೇನೆ.

ಅತ್ತೆಯವರ ಮಾತಿಗೆ ಬರುತ್ತೇನೆ. ಏದುಸಿರಿನಲ್ಲಿ ಗಟಗಟ ಕುಡಿದರೆ ನೆತ್ತಿಗೆ ಹತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಹಿರಿಯರು ಹೇಳಿದ್ದು ಅದನ್ನು. ಅದು ಸರಿ. ಆದರೆ ಅದು ದಾರಿಯುದ್ದಕ್ಕೂ ನೀರೇ ಕುಡಿಯಬಾರದು ಅಂತ ಆಗಿಹೋಗಿದೆ. ಅದು ತಪ್ಪು, ಅಪಾಯ ಕೂಡ. ನಿಂತು, ಉಸಿರು ಹದಕ್ಕೆ ಬರಲಿ, ನಾಲ್ಕೈದು ಗುಟುಕು ಕುಡಿಯಿರಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕ. ಬರೀ ನೀರನ್ನೇ ನಾಲ್ಕೈದು ಲೀಟರ್ ಕುಡಿಯುವುದೂ ಒಳ್ಳೆಯದಲ್ಲ. ರಕ್ತದಲ್ಲಿ ಉಪ್ಪಿನಂಶ ಕಡಿಮೆಯಾಗಿ ಅದರಿಂದಲೂ ತಲೆನೋವು, ವಾಂತಿ, ಗೊಂದಲ ಬರುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ, ಪುನರ್ಪುಳಿ ಪಾನಕ, ಅಥವಾ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯ ಓಆರ್‌ಎಸ್ ಪೊಟ್ಟಣವೂ ಇದೇ ಕೆಲಸಕ್ಕೆ. ಬುತ್ತಿಗೆ ಮೊಸರನ್ನ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡರೆ ಚಿಪ್ಸ್ ಪೊಟ್ಟಣ ಬೇಕಿಲ್ಲ. ಜೇಬಿನ ಈರುಳ್ಳಿಯಿಂದ ಏನೂ ಉಪಯೋಗವಿಲ್ಲ. ಬುತ್ತಿಯ ಜೊತೆ ತಿನ್ನಿ.

ಹಿಡ್ಲುಮನೆ ದಾರಿಯಲ್ಲಿ ನೀರು ಸಿಗುತ್ತದಲ್ವಾ ಅಂತ ನೀವು ಅಂದುಕೊಂಡಿರಬಹುದು. ಮಳೆಗಾಲದ ಚಿತ್ರ ನೋಡಿ ಏಪ್ರಿಲ್‌ಗೆ ಹೋಗಬೇಡಿ. ಕುಡಿಯುವ ನೀರನ್ನು ಹೊತ್ತೇ ಹೋಗಬೇಕು. ಇಡೀ ದಿನದ ನಡಿಗೆಗೆ ತಲೆಗೆ ನಾಲ್ಕು ಲೀಟರ್ ಅಂದರೆ ನಾಲ್ಕು ಕಿಲೋ. ಆ ಭಾರ ಹೊತ್ತು ಜಲಪಾತದ ಪಕ್ಕದ ಕಡಿದಾದ ಕಲ್ಲು ಹತ್ತಬೇಕು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎರಡು ಬಾಟಲಿ ಹಿಡಿದು ಹೋದವರೇ ಮಧ್ಯಾಹ್ನ ತೊಂದರೆಗೆ ಸಿಕ್ಕುವುದು.

ನಾನೂ ಸಿಕ್ಕಿದ್ದೆ. ಹದಿನೈದು ವರ್ಷದ ಹಿಂದೆ, ಮೇ ಮೊದಲ ವಾರ, ಚಿಕ್ಕಮಗಳೂರು ಕಡೆಯ ಒಂದು ಉದ್ದನೆಯ ಬೋಳು ಗುಡ್ಡ. ನಾವು ನಾಲ್ವರು. ಹೊರಡುವಾಗಲೇ ಒಂಬತ್ತು ಗಂಟೆ. ಒಂದು ನೆತ್ತಿ ಹತ್ತಿದರೆ ಅದರಾಚೆ ಇನ್ನೊಂದು ನೆತ್ತಿ. ಅದನ್ನೂ ನೋಡಿಬಿಡೋಣ ಅಂತ ಹೋದೆವು. ಒಂದೂವರೆಗೆ ನೀರು ಮುಗಿಯಿತು. ಎರಡಕ್ಕೆ ನಮ್ಮಲ್ಲೇ ಗಟ್ಟಿಗನಾಗಿದ್ದ ಗೆಳೆಯ ಸುಮ್ಮನಾದ. ಮಾತಿಲ್ಲ. ಆಮೇಲೆ ದಾರಿ ಬಿಟ್ಟು ಇಳಿಜಾರಿನ ಕಡೆ ನಡೆಯತೊಡಗಿದ. ಎಲ್ಲಿಗೋ ಅಂದರೆ, ‘ಬಸ್ ಬಂತಲ್ಲ’ ಅಂದ. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಅವನ ಕೈ ಮುಟ್ಟಿದೆ. ಒಲೆ ಮೇಲಿನ ಕಾವಲಿ ಹಾಗಿತ್ತು. ಇಬ್ಬರು ಹಿಡಿದುಕೊಂಡು ಕೆಳಗಿನ ಶೋಲಾ ಕಾಡಿನ ಅಂಚಿಗೆ ಇಳಿಸಿದೆವು. ಅದೃಷ್ಟಕ್ಕೆ ಅಲ್ಲೊಂದು ಕೆಸರುಗುಂಡಿಯಲ್ಲಿ ಮೊಣಕೈ ಮುಳುಗುವಷ್ಟು ನೀರು. ಅಂಗಿ ಬಿಚ್ಚಿ, ಬೈರಾಸ ಅದ್ದಿ ಅದ್ದಿ ಮೈಮೇಲೆ ಹಾಕಿ, ಟೋಪಿಯಲ್ಲಿ ಗಾಳಿ ಬೀಸಿದೆವು. ಮುಕ್ಕಾಲು ಗಂಟೆಯ ಮೇಲೆ ನನ್ನ ಹೆಸರು ಹಿಡಿದು ಕರೆದ. ಅವನು ಬದುಕಿದ್ದು ಆ ಗುಂಡಿಯಿಂದ. ವೈದ್ಯನಾಗಿ ನಾನು ಬೆಳಿಗ್ಗೆಯೇ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಆ ಗುರುತುಗಳನ್ನು ಮೂವರೂ ತಿಳಿದಿರಿ. ತಲೆನೋವು, ಸುಸ್ತು, ವಾಕರಿಕೆ, ಸ್ನಾಯು ಹಿಡಿತ, ಆದರೆ ಮಾತು ಸರಿಯಾಗಿದೆ ಅಂದರೆ ಇನ್ನೂ ಕೈ ಮೀರಿಲ್ಲ. ನೆರಳಿಗೆ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ, ಬಟ್ಟೆ ಸಡಿಲಿಸಿ, ಒದ್ದೆ ಮಾಡಿ ಗಾಳಿ ಹಾಕಿ, ಉಪ್ಪು ಸಕ್ಕರೆ ನೀರು ಗುಟುಕು ಗುಟುಕಾಗಿ ಕೊಡಿ. ಚೇತರಿಸಿಕೊಂಡರೂ ಆ ದಿನದ ಹತ್ತುವಿಕೆ ಅಲ್ಲಿಗೆ ಮುಗಿಯಿತು. ಮಾತು ತಪ್ಪಿತು, ನಡಿಗೆ ತೂರಾಡಿತು, ಸಿಟ್ಟು ಮಾಡಿದರು, ಗೊಂದಲವಾಯಿತು ಅಂದರೆ ಮೈಬಿಸಿ 40 ಡಿಗ್ರಿ ದಾಟಿದೆ ಅಂತಲೇ ತಿಳಿಯಿರಿ. ಬೆವರುತ್ತಿದ್ದಾರಲ್ಲ, ಹಾಗಾಗಿ ಬಿಸಿಲು ಹೊಡೆದಿಲ್ಲ ಅಂದುಕೊಳ್ಳಬೇಡಿ. ನಡೆದು ದಣಿದವರಿಗೆ ಬಿಸಿಲು ಹೊಡೆದಾಗ ಬೆವರು ನಿಲ್ಲಲೇಬೇಕು ಅಂತಿಲ್ಲ. ಇದ್ದ ನೀರನ್ನೆಲ್ಲ ಮೈಮೇಲೆ ಸುರಿಯಿರಿ. ಮಂಪರಿನಲ್ಲಿದ್ದರೆ ಬಾಯಿಗೆ ಹಾಕಬೇಡಿ. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಫೋನ್ ಸಿಕ್ಕರೆ 108 ಅಥವಾ 112. ಕಾಡಿನೊಳಗೆ ಸಿಗ್ನಲ್ ನಂಬುವ ಹಾಗಿಲ್ಲ. ಎಷ್ಟು ಹೊತ್ತಿಗೆ ಇಳಿಯುತ್ತೀರಿ ಅಂತ ಕೆಳಗಿರುವ ಒಬ್ಬರಿಗಾದರೂ ಹೇಳಿ ಹೋಗಿ.

ಮಂಗನ ಕಾಯಿಲೆ. ಇದು ನಮ್ಮ ಜಿಲ್ಲೆಯದೇ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ವೈರಸ್‌ಗೂ ಆ ಕಾಡಿನ ಹೆಸರೇ ಇದೆ. ನಿಮ್ಮ ಸಾಗರ ತಾಲ್ಲೂಕಿನ ಅರಳಗೋಡು ಕಡೆ 2019ರಲ್ಲಿ ಇದಕ್ಕೆ ಹಲವರು ಬಲಿಯಾಗಿದ್ದನ್ನು ನಿಮಗೆ ನಾನು ಹೇಳಬೇಕಿಲ್ಲ. ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸರಿಯಲ್ಲ. ಕಾಯಿಲೆ ತರುವುದು ಮಂಗ ಅಲ್ಲ, ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಮಂಗ, ಮುಸಿಯ ನಮ್ಮ ಹಾಗೇ ಅದಕ್ಕೆ ಬಲಿಯಾಗುವ ಪ್ರಾಣಿಗಳು. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗು ಕೆಳಗೆ ಉದುರಿ ಆ ಜಾಗದ ದರಗಿನಲ್ಲಿ, ಉದುರಿದ ಒಣ ಎಲೆಗಳ ನಡುವೆ ಸೇರಿಕೊಳ್ಳುತ್ತದೆ. ಅದಕ್ಕೇ ಸತ್ತ ಮಂಗ ಕಂಡರೆ ದೂರದಿಂದಲೇ ವಾಪಸಾಗಿ, ಆರೋಗ್ಯ ಇಲಾಖೆಗೋ ಅರಣ್ಯದವರಿಗೋ ತಿಳಿಸಿ. ಆದರೆ ಒಂದೂ ಮಂಗ ಕಾಣದ ದಾರಿಯಲ್ಲೂ ಉಣುಗು ಇರಬಹುದು. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ನೀವು ಹೊರಟಿರುವುದು ಅದರ ಮಧ್ಯೆಯೇ.

ಮರಿ ಉಣುಗು ಎಷ್ಟು ಸಣ್ಣದು ಗೊತ್ತಾ? ಒಮ್ಮೆ ನಡೆದು ಬಂದು ಕಲ್ಲಿನ ಮೇಲೆ ಕೂತು ಬೂಟು ಕಳಚಿದ್ದೆ. ಬಿಳಿ ಕಾಲುಚೀಲದ ಅಂಚಿನಲ್ಲಿ, ಎಲಾಸ್ಟಿಕ್ ಮಡಿಕೆಯಲ್ಲಿ, ಧೂಳಿನ ಕಣವೊಂದು ಕಂಡಿತು. ಗಸಗಸೆ ಕಾಳಿನಷ್ಟು. ಒರೆಸಲು ಬೆರಳು ತಂದೆ. ಅದು ನಡೆಯಿತು. ಕಪ್ಪು ಕಾಲುಚೀಲವಾಗಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಅಂದಿನಿಂದ ಕಾಡಿಗೆ ತಿಳಿ ಬಣ್ಣದ ಬಟ್ಟೆಯೇ. ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಆರೋಗ್ಯ ಕೇಂದ್ರದಲ್ಲಿ ಡೇಪಾ ಎಣ್ಣೆ ಕೇಳಿ, ಉಣುಗು ಹತ್ತದಂತೆ ಮೈಗೆ ಹಚ್ಚುವಂಥದ್ದು. ಕೊಟ್ಟರೆ ಹೇಗೆ ಹಚ್ಚಬೇಕು, ಎಷ್ಟು ಹೊತ್ತಿಗೆ ಮತ್ತೆ ಹಚ್ಚಬೇಕು ಅಂತಲೂ ಅಲ್ಲೇ ಕೇಳಿಕೊಳ್ಳಿ. ಬೆವರಿಗೆ ಅದು ತೊಳೆದು ಹೋಗುತ್ತದೆ. ದರಗಿನ ಮೇಲೆ, ಪೊದೆ ಪಕ್ಕ ಕೂರಬೇಡಿ. ಬೋಳು ಕಲ್ಲಿನ ಮೇಲೆ ಕೂರಿ. ಮೊದಲು ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ನಿಲ್ಲಿಸಿದ್ದಾರೆ. ಹಿಂದೆ ಹಾಕಿಸಿಕೊಂಡಿದ್ದರೂ ಅದನ್ನು ನಂಬಿ ಕೂರುವ ಹಾಗಿಲ್ಲ.

ಕಚ್ಚಿದ ಉಣುಗಿಗೆ ಸುಣ್ಣ, ಸೀಮೆಎಣ್ಣೆ, ಬೀಡಿ ಕಿಡಿ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಸೋಪು ಹಾಕಿ ತೊಳೆಯಿರಿ.

ಗುಡುಗಿನ ಬಗ್ಗೆ ನೀವು ಕೇಳಿಲ್ಲ. ನನಗೆ ಅದರದ್ದೂ ಅಷ್ಟೇ ಭಯವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಆಕಾಶ ಶುಭ್ರವಾಗಿರುತ್ತದೆ. ಮಧ್ಯಾಹ್ನ ಎರಡು ಮೂರರ ಮೇಲೆ ಮೋಡ ಕಟ್ಟಿ ಸಿಡಿಲು ಶುರು. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ನಿಮ್ಮ ತನಕ ಬರುವಷ್ಟು ಹತ್ತಿರದಲ್ಲಿದೆ. ನೆತ್ತಿಯಿಂದ ತಕ್ಷಣ ಇಳಿಯಿರಿ. ಸರ್ವಜ್ಞ ಪೀಠದ ಕಲ್ಲಿನ ಮಂಟಪ ಮಳೆಗೆ ಆಸರೆ, ಸಿಡಿಲಿಗಲ್ಲ. ಮೂಲ ಮೂಕಾಂಬಿಕೆ ಗುಡಿಯ ಎದುರಿನ ಕಬ್ಬಿಣದ ಕಂಬದ ಹತ್ತಿರ ನಿಲ್ಲಬೇಡಿ. ಒಂಟಿ ಮರದ ಬುಡವೂ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಮತ್ತೆ ಬಯಲಿಗೆ ಬರಬೇಡಿ.

ಹಾಗಾದರೆ ಏನು ಮಾಡಬಹುದು? ಮೂರು ದಾರಿ ಇವೆ.

ನೀವಂದುಕೊಂಡ ಹಾಗೆ ಪೂರ್ತಿ ನಡೆಯುವುದು ಒಂದು. ಅದಕ್ಕೆ ಬೆಳಕು ಹರಿಯುವಾಗ ಹೆಜ್ಜೆ ಹಾಕಬೇಕು, ಸ್ಥಳೀಯ ಮಾರ್ಗದರ್ಶಿ ಜೊತೆಗಿರಬೇಕು, ಹತ್ತೂವರೆಯೊಳಗೆ ಬಯಲು ಬಿಟ್ಟು ನೆರಳು ಸೇರಬೇಕು. ಎಲ್ಲಿದ್ದರೂ ಸರಿ, ನೆತ್ತಿ ಇನ್ನು ಹತ್ತೇ ನಿಮಿಷ ಅಂದರೂ ಸರಿ. ಮತ್ತೆ ಬಯಲಿಗೆ ಇಳಿಯುವುದು ಬಿಸಿಲು ತಗ್ಗಿದ ಮೇಲೆ. ಆದರೆ ಬಿಸಿಲು ತಗ್ಗುವ ಹೊತ್ತಿಗೇ ಗುಡುಗಿನ ಹೊತ್ತೂ ಆಗುತ್ತದೆ. ನಿಮ್ಮ ಮನೆಯವರಿಗೆ ಏಪ್ರಿಲ್‌ನಲ್ಲಿ ಈ ದಾರಿಯನ್ನು ನಾನು ಹೇಳುವುದಿಲ್ಲ. ಒಮ್ಮೆ ಬಿಸಿಲಿಗೆ ಸೋತವರು, ಮಾತ್ರೆ ಬೇರೆ ಇದೆ.

ಎರಡನೆಯದು ಬೆಳಿಗ್ಗೆಯ ಮೊದಲ ಜೀಪಿನಲ್ಲಿ ಮೇಲೆ ಹೋಗಿ, ಗುಡಿಯಿಂದ ಸರ್ವಜ್ಞ ಪೀಠದ ತನಕ, ಗುಡ್ಡದ ಬೆನ್ನಿನ ಮೇಲೆ ಮಾತ್ರ ನಡೆಯುವುದು. ಒಂದೊಂದು ಲೀಟರ್ ನೀರು ಜಾಸ್ತಿಯೇ ಇರಲಿ. ಬಿಸಿಲು ಏರುವ ಮೊದಲು ಮತ್ತೆ ಜೀಪು. ಆ ರಸ್ತೆ ಸೊಂಟ ಮುರಿಯುವಂಥದ್ದು, ಬೆನ್ನುನೋವಿದ್ದರೆ ಯೋಚಿಸಿ. ಇಸಿಜಿ ಸರಿಯಾಗಿದ್ದು, ವೈದ್ಯರು ಹೂಂ ಅಂದರೆ, ಈ ಏಪ್ರಿಲ್‌ಗೆ ನಾನು ಹೇಳುವುದು ಇದನ್ನೇ. ಪಶ್ಚಿಮದ ಕಣಿವೆಯಿಂದ ಮಂಜು ಮೇಲೇಳುವುದನ್ನು ನಿಮ್ಮ ಮಗ ನೋಡಬೇಕಾದರೆ ಆ ಬೆಳಗಿನ ಹೊತ್ತೇ ಸರಿ. ಹೊರಡುವ ಹತ್ತು ದಿನ ಮೊದಲಿಂದ ಮೂವರೂ ಬೆಳಿಗ್ಗೆ ಏಳರ ಬಿಸಿಲಿಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಸೆಕೆಗೆ ದೇಹ ಪಳಗಲು ಒಂದೆರಡು ವಾರ ಬೇಕು.

ಮೂರನೆಯದು ಕಾಯುವುದು. ಅಕ್ಟೋಬರ್ ಕೊನೆ, ನವೆಂಬರ್. ಹಳ್ಳದಲ್ಲಿ ನೀರು, ಗುಡ್ಡದಲ್ಲಿ ಹಸಿರು, ಇಂಬಳ ಕಡಿಮೆ, ಉಣುಗಿನ ಕಾಲ ಇನ್ನೂ ಜೋರಾಗಿರುವುದಿಲ್ಲ. ಹಿಡ್ಲುಮನೆ ದಾರಿಯ ಪೂರ್ತಿ ನಡಿಗೆಯನ್ನು ಆಗ ಇಟ್ಟುಕೊಳ್ಳಿ. ಆ ದಾರಿಯ ಸೊಗಸೂ ಆಗಲೇ.

ಯಾವುದೇ ಆದರೂ ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣದ ದಾರಿ ಮುಚ್ಚುವುದುಂಟು. ಮುಚ್ಚಿದ್ದರೆ ಪರಿಚಯದವರ ಮೂಲಕ ಒಳದಾರಿ ಹುಡುಕಬೇಡಿ. ಒಣಹುಲ್ಲಿನ ಗುಡ್ಡದಲ್ಲಿ ಬೆಂಕಿ ಮೇಲ್ಮುಖವಾಗಿ ಓಡುವಾಗ ಮನುಷ್ಯ ಅದನ್ನು ಮೀರಿ ಓಡಲಾರ.

ಮನೆಗೆ ಬಂದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಿ. ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೊಂದು ಸುತ್ತು ಹಾಕಿಡಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಸಾಮಾನ್ಯವಾಗಿ ಜ್ವರ ಬರುತ್ತದೆ. ನಾನು ಎರಡು ವಾರ ಗಮನಿಸಿ ಅನ್ನುತ್ತೇನೆ. ಇದ್ದಕ್ಕಿದ್ದಂತೆ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾಗದ ನೋವು, ಕೆಂಪು ಕಣ್ಣು ಕಂಡರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಪರೀಕ್ಷೆ ಶಿವಮೊಗ್ಗದಲ್ಲೇ ಆಗುತ್ತದೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆ ಬಗ್ಗೆ ಹೆದರಬೇಡಿ. ಆದರೆ ತಗುಲಿದ ನೂರರಲ್ಲಿ ಮೂರರಿಂದ ಐದು ಜನರ ಜೀವ ಹೋಗುತ್ತದೆ. ಬೇಗ ದಾಖಲಾದರೆ ನೀರಿನಂಶ, ರಕ್ತದ ಕಣಗಳ ಮೇಲೆ ಕಣ್ಣಿಡಲು ವೈದ್ಯರಿಗೆ ಸಮಯ ಸಿಗುತ್ತದೆ. ಅಲ್ಲಿ ಚೀಟಿ ಬರೆಸುವಾಗ ಮೊದಲ ಮಾತೇ ಇದಾಗಿರಲಿ: ‘ಕೊಡಚಾದ್ರಿಗೆ ಹೋಗಿದ್ದೆವು, ಇಂಥ ತಾರೀಖು.’